ಗಂಟಿಲ್ಲದ ಮುದ್ದೆ ಮತ್ತು ನ್ಯಾನೋ ಪ್ಲಾಸ್ಟಿಕ್

ಮೊನ್ನೆ ಭಾನುವಾರ ಮನೆಗೆ ನೀರಿನ ಟ್ಯಾಂಕ್ ಕೊಳ್ಳೋಣವೆಂದು ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಟ್ಯಾಂಕಿನ ಹೊಟ್ಟೆಗೆ ಎರಡು ಸಲ ಗುದ್ದಿ, "ಇದು ನ್ಯಾನೋ ಸಾರ್, ಮಾಮೂಲಿದಲ್ಲ" ಎಂದ. "ನ್ಯಾನೋ ಅಂದ್ರೆ ಏನಪ್ಪಾ?" ಅಂತ ಕೇಳಿದೆ. ಒಂದು ಕ್ಷಣ ತಲೆ ಕೆರೆದುಕೊಂಡು, "ಗಟ್ಟಿ ಸಾರ್" ಎಂದ.

ನಗು ಬಂತು. ಆದರೆ ನಗು ಪೂರ್ತಿ ಬರುವ ಮೊದಲೇ ನಿಂತಿತು. ಯಾಕೆಂದರೆ 2009ರಲ್ಲಿ ಎಂ.ಟೆಕ್. ವೈವಾದಲ್ಲಿ ಇದೇ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಹೆಚ್ಚು ಕಡಿಮೆ ಇದೇ. ನಾನು ಇಪ್ಪತ್ತು ಸ್ಲೈಡ್ ಹಾಕಿ ಹೇಳಿದ್ದೆ, ಅವನು ಒಂದೇ ಪದದಲ್ಲಿ ಹೇಳಿದ. ಅಷ್ಟೇ ವ್ಯತ್ಯಾಸ!

ಪ್ಲಾಸ್ಟಿಕ್ ನನ್ನ ಅನ್ನ. ಓದಿದ್ದು ಪಾಲಿಮರ್, ಕೆಲಸ ಮಾಡಿದ್ದು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ, ಈಗಲೂ ಅದೇ ಸುತ್ತಮುತ್ತ. ಪ್ಲಾಸ್ಟಿಕ್ ಕಾಳಿಗೆ (ನಮ್ಮ ಶಾಪ್ ಫ್ಲೋರಿನಲ್ಲಿ ದಾಣಾ ಅನ್ನುತ್ತಾರೆ) ಬಣ್ಣ, ಪುಡಿ, ಇನ್ನೇನೇನೋ ಬೆರೆಸಿ ಕರಗಿಸಿ ಹೊಸ ಕಾಳು ಮಾಡುವುದು ನಮ್ಮ ಕಸುಬು. ಅದಕ್ಕೇ ಪಾಲಿಮರ್ ನ್ಯಾನೋಕಾಂಪೊಸಿಟ್ ಎಂಬ ಈ ದೊಡ್ಡ ಹೆಸರಿನ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಒಮ್ಮೆ ಹೇಳಿಬಿಡೋಣ ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ. ಕಾಫಿ ತಗೊಂಡು ಕೂತುಕೊಳ್ಳಿ.

ಮೊದಲು ವಿಷಯ ಏನು ಅಂತ. ಪ್ಲಾಸ್ಟಿಕ್‌ಗೆ ಪುಡಿ ಬೆರೆಸುವುದು ಹೊಸದೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬೇಕ್‌ಲ್ಯಾಂಡ್ ಎಂಬಾತ ಬೇಕಲೈಟ್ ಮಾಡಿದಾಗಿನಿಂದ ಮರದ ಹೊಟ್ಟು ಬೆರೆಸುತ್ತಲೇ ಇದ್ದಾರೆ. ನಮ್ಮ ಹಳ್ಳಿಗಳಲ್ಲಿ ಗೋಡೆ ಮಣ್ಣಿಗೆ ಹುಲ್ಲು ಕಲಸುತ್ತಿದ್ದದ್ದೂ ಅದೇ ಲೆಕ್ಕ. ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚುತ್ತದೆ. ಇವತ್ತು ಪ್ಲಾಸ್ಟಿಕ್ ಕುರ್ಚಿಗೆ ಸುಣ್ಣದಕಲ್ಲಿನ ಪುಡಿ, ಕಾರಿನ ಭಾಗಗಳಿಗೆ ಟಾಲ್ಕ್, ಮಿಕ್ಸರ್ ಬಾಡಿಗೆ ಗಾಜಿನ ನಾರು ಬೀಳುತ್ತದೆ. ಆದರೆ ಇವನ್ನೆಲ್ಲ ನೂರಕ್ಕೆ ಇಪ್ಪತ್ತು, ಮೂವತ್ತು ಪಾಲು ಹಾಕಬೇಕು. ಆಗ ವಸ್ತು ಗಟ್ಟಿಯಾಗುತ್ತದೆ, ಜೊತೆಗೆ ಭಾರವೂ ಆಗುತ್ತದೆ.

ಪುಡಿಯ ಕಣ ಚಿಕ್ಕದಾಗುತ್ತಾ ಹೋದರೆ ಏನಾಗುತ್ತದೆ? ಅದೇ ತೂಕಕ್ಕೆ ಮೈ ಹೆಚ್ಚಾಗುತ್ತದೆ. ಬೆಲ್ಲದ ಅಚ್ಚಿಗಿಂತ ಪುಡಿ ಬೆಲ್ಲ ಬೇಗ ಕರಗುವುದು ಯಾಕೆ ಅಂತ ನಮ್ಮ ಮನೆಯವರಿಗೂ ಗೊತ್ತು. ಕೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಬೆಂಟೋನೈಟ್ ಅನ್ನುವ ಜೇಡಿಮಣ್ಣಿನೊಳಗೆ ಇರುವ ಒಂದೊಂದು ಪದರದ ದಪ್ಪ ಬರೀ 1 ನ್ಯಾನೋಮೀಟರ್, ಅಗಲ ನೂರಾರು ನ್ಯಾನೋಮೀಟರ್. ಪದರಗಳನ್ನೆಲ್ಲ ಪೂರ್ತಿ ಬಿಡಿಸಿದರೆ ಒಂದು ಗ್ರಾಂ ಮಣ್ಣಿನ ಮೈ 700 ಚದರ ಮೀಟರ್ ದಾಟುತ್ತದೆ. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಒಂದು ಗ್ರಾಂ ಮಣ್ಣಿನಲ್ಲಿ 30/40ರ ಆರು ಸೈಟು! ಅದೂ ಪಿಲ್ಲರ್ ಗುಂಡಿ ಕೊರೆಯುವಾಗ ಗೋಡೆ ಕುಸಿಯದಂತೆ ಸುರಿಯುತ್ತಾರಲ್ಲ, ಅದೇ ಮಣ್ಣು. ಕಛ್ ಮತ್ತು ಬಾರ್ಮೇರ್ ಕಡೆಯಿಂದ ಲಾರಿಗಟ್ಟಲೆ ಬರುತ್ತದೆ.

ಇಷ್ಟು ಮೈ ಇದ್ದರೆ ನೂರಕ್ಕೆ ನಾಲ್ಕೈದು ಪಾಲು ಸಾಕು. ಇದನ್ನು ತೋರಿಸಿಕೊಟ್ಟವರು ಜಪಾನಿನ ಟೊಯೋಟಾದ ಸಂಶೋಧನಾಲಯದವರು, 1980ರ ದಶಕದಲ್ಲಿ. ನೈಲಾನ್-6ಕ್ಕೆ ನೂರಕ್ಕೆ ಐದಕ್ಕಿಂತ ಕಡಿಮೆ ಜೇಡಿಮಣ್ಣು ಸೇರಿಸಿದರು. ಎಳೆದರೆ ತಡೆಯುವ ಶಕ್ತಿ 69ರಿಂದ 107 ಮೆಗಾಪ್ಯಾಸ್ಕಲ್‌ಗೆ ಏರಿತು. ಬಿಗಿತ 1.1ರಿಂದ 2.1 ಗಿಗಾಪ್ಯಾಸ್ಕಲ್, ಅಂದರೆ ಹೆಚ್ಚು ಕಡಿಮೆ ಎರಡರಷ್ಟು. ಭಾರ ಹೊತ್ತು ಬಾಗಲು ಶುರುಮಾಡುವ ತಾಪಮಾನ 65 ಡಿಗ್ರಿ ಇದ್ದದ್ದು 150ರ ಆಸುಪಾಸಿಗೆ ಹೋಯಿತು. 1990ರ ದಶಕದ ಆರಂಭದಲ್ಲಿ ಆ ನೈಲಾನಿನಿಂದ ಕಾರಿನ ಟೈಮಿಂಗ್ ಬೆಲ್ಟ್ ಕವರ್ ಮಾಡಿ ಬಿಸಿ ಎಂಜಿನ್ನಿನ ಪಕ್ಕಕ್ಕೇ ಕೂರಿಸಿದರು. ಪ್ರಪಂಚಕ್ಕೆಲ್ಲ ನ್ಯಾನೋ ಜ್ವರ ಹತ್ತಿದ್ದು ಆಮೇಲೆ. 1991ರಲ್ಲಿ ಇಜಿಮಾ ಎಂಬ ಜಪಾನೀ ವಿಜ್ಞಾನಿ ಕಾರ್ಬನ್ ನ್ಯಾನೋಟ್ಯೂಬ್ ಬಗ್ಗೆ ಬರೆದರು, ಜ್ವರ ಇನ್ನೆರಡು ಡಿಗ್ರಿ ಏರಿತು.

ನಮ್ಮಲ್ಲಿಗೆ ಆ ಜ್ವರ ಬಂದದ್ದು ನನ್ನ ಓದಿನ ಕಾಲಕ್ಕೆ ಸರಿಯಾಗಿ. 2007ರಲ್ಲಿ ಕೇಂದ್ರ ಸರ್ಕಾರ ಐದು ವರ್ಷಕ್ಕೆ ಸಾವಿರ ಕೋಟಿ ರೂಪಾಯಿಯ ನ್ಯಾನೋ ಮಿಷನ್ ಶುರುಮಾಡಿತು. 2009ರಲ್ಲಿ ಟಾಟಾದವರ ನ್ಯಾನೋ ಕಾರು ಬಂತು. ಕಾರಿಗೂ ವಿಜ್ಞಾನಕ್ಕೂ ಸಂಬಂಧ ಇರಲಿಲ್ಲ, ಆದರೆ ಹೆಸರು ಮಾತ್ರ ಹಾಲಿನವನ ಬಾಯಲ್ಲೂ ಬಂತು. (ಆ ಕಾರು 2018ರಲ್ಲಿ ನಿಂತಿತು. ಹೆಸರು ಟ್ಯಾಂಕಿನ ಮೇಲೆ, ಪೇಂಟಿನ ಮೇಲೆ ಇನ್ನೂ ಓಡಾಡುತ್ತಿದೆ.) ಎಂ.ಟೆಕ್. ಪ್ರಾಜೆಕ್ಟಿನ ಹೆಸರಿನಲ್ಲಿ "ನ್ಯಾನೋ" ಇಲ್ಲದಿದ್ದರೆ ಗೈಡ್ ಒಪ್ಪುವುದು ಕಷ್ಟ ಎಂಬ ಕಾಲ ಅದು. ನಾನು ಆರಿಸಿಕೊಂಡದ್ದು ಪಾಲಿಪ್ರೊಪಿಲೀನ್ ಮತ್ತು ಜೇಡಿಮಣ್ಣು.

ಇಲ್ಲಿ ಮುದ್ದೆಯ ವಿಷಯಕ್ಕೆ ಬರೋಣ.

ನಮ್ಮಜ್ಜಿ ರಾಗಿ ಮುದ್ದೆ ತೊಳೆಸುವುದನ್ನು ನೋಡಿದ್ದೇನೆ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಲ್ಲಿ ಬಲ ಬಿಟ್ಟು ತಿರುವುತ್ತಿದ್ದಳು. ಹಿಟ್ಟು ಎಷ್ಟು ಒಳ್ಳೆಯದು ಅನ್ನುವುದು ಆಮೇಲಿನ ಮಾತು. ಗಂಟಾಯಿತೋ, ಮುದ್ದೆ ಕೆಟ್ಟಿತು. ಗಂಟಿನ ಒಳಗೆ ಹಸಿ ಹಿಟ್ಟು ಹಾಗೇ ಉಳಿಯುತ್ತದೆ, ಬಾಯಿಗೆ ಸಿಕ್ಕಿದ ಕೂಡಲೇ ಗೊತ್ತಾಗುತ್ತದೆ.

ನ್ಯಾನೋಕಾಂಪೊಸಿಟ್‌ನ ಕಥೆಯೂ ಪೂರ್ತಿ ಇಷ್ಟೇ. ಜೇಡಿಮಣ್ಣಿನ ಪದರಗಳು ಇಸ್ಪೀಟು ಎಲೆಗಳ ಕಟ್ಟಿನ ಹಾಗೆ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಎಲೆಗಳ ಮಧ್ಯೆ ಪ್ಲಾಸ್ಟಿಕ್ ತೂರಿಕೊಳ್ಳಬೇಕು, ಕಟ್ಟು ಬಿಚ್ಚಬೇಕು, ಒಂದೊಂದು ಎಲೆಯೂ ಬೇರೆಯಾಗಿ ಎಲ್ಲ ಕಡೆ ಹರಡಬೇಕು. ಹರಡಿದರೆ ಆರು ಸೈಟು. ಹರಡದಿದ್ದರೆ ಅದು ನ್ಯಾನೋ ಅಲ್ಲ, ಮಾಮೂಲಿ ಮಣ್ಣಿನ ಹರಳು. ಎಳೆದಾಗ ಮೊದಲ ಬಿರುಕು ಹುಟ್ಟುವುದೇ ಅಂಥ ಗಂಟಿನ ಹತ್ತಿರ.

ಟೊಯೋಟಾದವರ ಜಾಣತನ ಏನೆಂದರೆ, ಅವರು ತಯಾರಾದ ಪ್ಲಾಸ್ಟಿಕ್‌ಗೆ ಮಣ್ಣು ಬೆರೆಸಲಿಲ್ಲ. ನೈಲಾನ್ ಆಗುವ ಮೊದಲಿನ ಸಣ್ಣ ಅಣುಗಳನ್ನು ಪದರಗಳ ನಡುವೆ ಬಿಟ್ಟು, ಅಲ್ಲೇ ನೈಲಾನ್ ಬೆಳೆಯುವಂತೆ ಮಾಡಿದರು. ಒಳಗಿನಿಂದ ಬೆಳೆದ ಸರಪಳಿ ಕಟ್ಟನ್ನು ತಾನೇ ಬಿಚ್ಚಿತು. ಜೊತೆಗೆ ನೈಲಾನಿಗೂ ಮಣ್ಣಿಗೂ ಸ್ವಲ್ಪ ಸ್ನೇಹ ಇದೆ, ಎರಡಕ್ಕೂ ನೀರು ಕಂಡರೆ ಆಗುತ್ತದೆ. ನನ್ನ ಪಾಲಿಪ್ರೊಪಿಲೀನ್ ಹಾಗಲ್ಲ, ಎಣ್ಣೆಯ ಜಾತಿ. ಎಣ್ಣೆಗೆ ಮಣ್ಣು ಕಲಸಿದರೆ ಏನಾಗುತ್ತದೆ? ಅದಕ್ಕೆ ಮಧ್ಯಸ್ಥರು ಬೇಕು. ಮಣ್ಣಿನೊಳಗಿನ ಸೋಡಿಯಂ ತೆಗೆದು ಉದ್ದ ಬಾಲದ ಅಮೋನಿಯಂ ಲವಣ ಸೇರಿಸಬೇಕು, ಸಾಲದ್ದಕ್ಕೆ ಮೇಲೆಯಿಕ್ ಅನ್‌ಹೈಡ್ರೈಡ್ ಹತ್ತಿಸಿದ ಪಾಲಿಪ್ರೊಪಿಲೀನನ್ನೂ ಒಂದಷ್ಟು ಹಾಕಬೇಕು. ಆಮೇಲೆ ಎರಡು ಸ್ಕ್ರೂ ಇರುವ ಎಕ್ಸ್‌ಟ್ರೂಡರಿನಲ್ಲಿ 200 ಡಿಗ್ರಿ ಆಸುಪಾಸಿನಲ್ಲಿ ಅರೆಯಬೇಕು. ಕಡಿಮೆ ಅರೆದರೆ ಗಂಟು ಉಳಿಯುತ್ತದೆ, ಜಾಸ್ತಿ ಅರೆದರೆ ಪ್ಲಾಸ್ಟಿಕ್ಕೇ ಹರಿದು ಹೋಗುತ್ತದೆ. ಆ ಅಮೋನಿಯಂ ಲವಣವೂ 200ರ ಹತ್ತಿರ ಬಂದರೆ ಮುರಿಯಲು ಶುರು. ಲ್ಯಾಬಿನಲ್ಲಿ ಎದ್ದ ಆ ಕೊಳೆತ ಮೀನಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಈಗ ನನ್ನ ತಪ್ಪೊಪ್ಪಿಗೆ.

ಪ್ರತಿ ಮಿಶ್ರಣಕ್ಕೆ ಐದು ಡಂಬೆಲ್ ಆಕಾರದ ತುಂಡು ಮಾಡಿ ಎಳೆದು ನೋಡುವುದು ಪದ್ಧತಿ. ನನ್ನ ಒಳ್ಳೆಯ ಮಿಶ್ರಣದ ಐದರಲ್ಲಿ ಮೂರು ಚೆನ್ನಾಗಿ ತಡೆದವು. ಎರಡು ಚಟ್ಟನೆ ಮುರಿದವು, ಮಣ್ಣು ಹಾಕದ ಬರೀ ಪ್ಲಾಸ್ಟಿಕ್‌ಗಿಂತಲೂ ಬೇಗ. ಆ ಎರಡನ್ನು "ಅಚ್ಚಿನ ದೋಷ" ಎಂದು ಪಕ್ಕಕ್ಕಿಟ್ಟೆ. ಯಾರೂ ಹೇಳಿಕೊಡಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಮೂರರ ಸರಾಸರಿ ತೆಗೆದಾಗ ಗ್ರಾಫ್ ಎಷ್ಟು ಚೆಂದವಾಗಿ ಮೇಲೇರಿತು ಅಂದರೆ, ಕೆಲವು ದಿನ ಅದೇ ನನ್ನ ಕಂಪ್ಯೂಟರಿನ ವಾಲ್‌ಪೇಪರ್! ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹತ್ತಾರು ಜಾಗ ಹುಡುಕಿ, ಪದರಗಳು ಬಿಚ್ಚಿಕೊಂಡ ಒಂದು ಜಾಗದ ಚಿತ್ರ ಹಾಕಿದೆ. ಗಂಟುಗಳಿದ್ದ ಜಾಗದ ಚಿತ್ರಗಳು ಪೆನ್‌ಡ್ರೈವಿನಲ್ಲೇ ಉಳಿದವು. ಫಸ್ಟ್ ಕ್ಲಾಸ್ ಬಂತು.

ಇದು ನಾನೊಬ್ಬನೇ ಮಾಡಿದ್ದು ಅಂತ ಅಂದುಕೊಂಡರೆ ನೀವು ಬಹಳ ಒಳ್ಳೆಯವರು. ಹಾಗಂತ ಎಲ್ಲರೂ ಮಾಡುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. ಆದರೆ "ಇಷ್ಟು ಹಾಕಿದೆವು, ಇಷ್ಟು ಹೆಚ್ಚಾಯಿತು" ಎಂಬ ಪೇಪರುಗಳನ್ನು ಓದುತ್ತಾ ಬಂದವನಿಗೆ ಒಂದು ಅನುಮಾನ ಬಂದೇ ಬರುತ್ತದೆ. ಇಷ್ಟೆಲ್ಲ ಹೆಚ್ಚಾಗಿದ್ದರೆ, ಅದೆಲ್ಲ ಈಗ ಎಲ್ಲಿದೆ?

ಮುಂದಿನದು ಕೇಳಿ. 2012ರ ಹೊತ್ತಿಗೆ ಪೀಣ್ಯದಲ್ಲಿ ಕೆಲಸದಲ್ಲಿದ್ದೆ. ನಮ್ಮ ಓನರ್‌ಗೆ ಒಂದು ಆರ್ಡರ್ ಬಂತು, ಡ್ರಿಪ್ ಪೈಪುಗಳನ್ನು ಜೋಡಿಸುವ ಜಾಯಿನರ್. ಕೊಳ್ಳುವ ಕಂಪನಿಗೆ ಅದು ಹಗುರ ಇರಬೇಕು, ಗೋಡೆ ತೆಳ್ಳಗಿರಬೇಕು, ಮಾರ್ಕೆಟಿನಲ್ಲಿ ಸಿಗುವ ಕರಿ ಜಾಯಿನರ್ ಹಾಗೆ ಕಾಣಬಾರದು. ಮೇಲೆ ನ್ಯಾನೋ ಅಂತ ಹಾಕಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಓನರ್ ನನ್ನ ಕಡೆ ತಿರುಗಿ, "ಏನಯ್ಯಾ, ನೀನು ಅದನ್ನೇ ಅಲ್ವಾ ಓದಿದ್ದು?" ಅಂದರು. ಎದೆ ಉಬ್ಬಿಸಿಕೊಂಡು ಹೂಂ ಅಂದೆ. ನನ್ನ ಥೀಸಿಸ್ಸಿನ ಮಿಶ್ರಣವನ್ನೇ ತೆಗೆದೆ. ಬಣ್ಣ ಬೇರೆ ಬೇಕಿತ್ತಲ್ಲ, ಕಾರ್ಬನ್ ಕಪ್ಪು ಕೈಬಿಟ್ಟು ಕಿತ್ತಳೆ ಬಣ್ಣ ಹಾಕಿದೆವು. ಎಳೆದು ನೋಡಿದೆವು, ನೀರಿನ ಒತ್ತಡ ಕೊಟ್ಟು ನೋಡಿದೆವು. ಪಾಸ್. ಬಿಸಿಲಿನಲ್ಲಿ ಇಟ್ಟು ನೋಡಲಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇಕು, ನಮ್ಮ ಹತ್ತಿರ ಇದ್ದದ್ದು ಮೂರು ವಾರ.

ಮುಂದಿನ ಬೇಸಿಗೆ, ಮೇ ತಿಂಗಳು. ಚಿಂತಾಮಣಿ ಕಡೆಯಿಂದ ದೂರು ಬಂತು. ಸೇಲ್ಸ್ ಹುಡುಗನ ಜೊತೆ ನನ್ನನ್ನೂ ಕಳಿಸಿದರು. ಹೋಗಿ ನೋಡಿದರೆ ಎರಡು ಎಕರೆ ಟೊಮೆಟೊ, ಹೂ ಕಚ್ಚುವ ಸಮಯ. ಸಾಲಿನ ತುದಿಯಲ್ಲೆಲ್ಲ ನಮ್ಮ ಕಿತ್ತಳೆ ಜಾಯಿನರ್ ಸೀಳಿಕೊಂಡು ನೀರು ಒಂದೇ ಕಡೆ ಕೊಚ್ಚೆಯಾಗಿದೆ, ಸಾಲಿನ ಆ ಕೊನೆಗೆ ನೀರೇ ಇಲ್ಲ, ಗಿಡ ಬಾಡಿ ನಿಂತಿವೆ. ಸಾವಿರ ಅಡಿ ದಾಟಿದ ಬೋರಿನ ನೀರು, ಕರೆಂಟು ಕೊಟ್ಟಾಗ ಮಾತ್ರ ಬರುವ ನೀರು.

ತೋಟದ ಯಜಮಾನರು ವಯಸ್ಸಾದವರು. ಬೈಯಲಿಲ್ಲ. ಒಂದು ಜಾಯಿನರ್ ಕಿತ್ತು ನನ್ನ ಕೈಗೆ ಕೊಟ್ಟರು. ಬೆರಳಲ್ಲಿ ಒತ್ತಿದೆ, ಹಪ್ಪಳದ ಹಾಗೆ ಪುಡಿಯಾಯಿತು.

"ಅದೇನೋ ಕಣ್ಣಿಗೆ ಕಾಣದಷ್ಟು ಸಣ್ಣದು ಹಾಕವ್ರೆ ಅಂದ್ರಲ್ಲ ಸಾರ್, ಬಿರುಕು ಮಾತ್ರ ನನ್ ಕಣ್ಣಿಗೇ ಕಾಣ್ತಾ ಐತೆ" ಎಂದರು.

"ಬದಲಾಯಿಸಿ ಕೊಡ್ತೀವಿ ಯಜಮಾನ್ರೇ" ಅಂದೆ. ಇನ್ನೇನು ಹೇಳಲಿ?

"ಜಾಯಿನರ್ ಕೊಡ್ತೀರ, ಸರಿ. ಹೋದ ವಾರ ಕೊಡಕ್ಕಾಯ್ತದಾ?"

ಜಾಯಿನರ್ ಬದಲಾಯಿಸಿ ಕೊಟ್ಟರು. ಆ ವಾರವನ್ನು ಯಾರೂ ಕೊಡಲಿಲ್ಲ. ಬೆಳೆಗೆ ಪರಿಹಾರ ಅಂತ ಬಿಲ್ಲಿನಲ್ಲಿ ಎಲ್ಲೂ ಬರೆದಿರಲಿಲ್ಲ.

ವಾಪಸ್ ಬಂದು ಓದಿದೆ. ಮೊದಲೇ ಓದಬೇಕಿತ್ತು. ಅಮೋನಿಯಂ ಹಚ್ಚಿದ ಜೇಡಿಮಣ್ಣು ಪಾಲಿಪ್ರೊಪಿಲೀನನ್ನು ಬಿಸಿಲಿನಿಂದ ಕಾಪಾಡುವುದಿರಲಿ, ಇನ್ನೂ ಬೇಗ ಹಾಳು ಮಾಡುತ್ತದೆ ಎಂದು 2000ದ ದಶಕದ ಮೊದಲ ಭಾಗದಲ್ಲೇ ಸಂಶೋಧಕರು ಪ್ರಕಟಿಸಿದ್ದರು. ಕಾರಣಗಳು ಕಷ್ಟವೇನಲ್ಲ. ಮಣ್ಣಿನೊಳಗೆ ಸ್ವಲ್ಪ ಕಬ್ಬಿಣ ಇರುತ್ತದೆ, ಅದು ಪ್ಲಾಸ್ಟಿಕ್ ಕೊಳೆಯುವ ಕ್ರಿಯೆಗೆ ಕುಮ್ಮಕ್ಕು ಕೊಡುತ್ತದೆ. ಅಮೋನಿಯಂ ಲವಣ ಮುರಿದಾಗ ಉಳಿಯುವುದೂ ಅದೇ ಕೆಲಸ ಮಾಡುತ್ತದೆ. ಮೂರನೆಯದು ತಮಾಷೆ ಅನ್ನಿಸುತ್ತದೆ. ಪ್ಲಾಸ್ಟಿಕ್‌ಗೆ ರಕ್ಷಣೆಗೆಂದು ನಾವು ಹಾಕುವ ಔಷಧವನ್ನು ಮಣ್ಣಿನ ಅಷ್ಟು ದೊಡ್ಡ ಮೈ ತಾನೇ ಹೀರಿಕೊಂಡು ಕೂತುಬಿಡುತ್ತದೆ. ಆರು ಸೈಟು ಇದೆ ಅಂತ ಹಿಗ್ಗಿದೆವಲ್ಲ, ಆ ಸೈಟುಗಳಿಗೆ ಬೇಡದ ನೆಂಟರೂ ಬರುತ್ತಾರೆ!

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಆ ತೋಟದಲ್ಲಿ ಒಂದು ನಿಜವಾದ ನ್ಯಾನೋಕಾಂಪೊಸಿಟ್ ಇತ್ತು. ನಮ್ಮ ಜಾಯಿನರ್ ಅಲ್ಲ, ಅದು ಜೋಡಿಸುತ್ತಿದ್ದ ಕರಿ ಪೈಪು. ಪಾಲಿಥೀನ್ ಪೈಪಿಗೆ ನೂರಕ್ಕೆ ಎರಡು-ಮೂರು ಪಾಲು ಕಾರ್ಬನ್ ಕಪ್ಪು ಹಾಕಿರುತ್ತಾರೆ. ಅದರ ಕಣಗಳು ಸುಮಾರು 20 ನ್ಯಾನೋಮೀಟರ್. ಬಿಸಿಲಿನ ನೇರಳಾತೀತ ಕಿರಣವನ್ನು ಅವು ತಾವು ನುಂಗಿ ಪ್ಲಾಸ್ಟಿಕ್ಕಿಗೆ ತಟ್ಟಲು ಬಿಡುವುದಿಲ್ಲ. ಎಷ್ಟು ಹಾಕಬೇಕು ಎಂಬುದು ಮಾತ್ರವಲ್ಲ, ಅದು ಎಷ್ಟು ಚೆನ್ನಾಗಿ ಹರಡಿದೆ ಎಂಬುದಕ್ಕೂ ಭಾರತೀಯ ಮಾನಕದಲ್ಲಿ ಪರೀಕ್ಷೆ ಇದೆ. ಗಂಟಿದ್ದರೆ ಫೇಲು! ಯಾರೂ ಅದರ ಮೇಲೆ ನ್ಯಾನೋ ಅಂತ ಬರೆದಿರಲಿಲ್ಲ. ಬಿಸಿಲಲ್ಲಿ ಸುಮ್ಮನೆ ಬಿದ್ದುಕೊಂಡು ಕೆಲಸ ಮಾಡುತ್ತಿತ್ತು. ನಾನು ನ್ಯಾನೋ ಹಾಕುವ ಭರದಲ್ಲಿ ಆ ಹಳೆಯ ನ್ಯಾನೋವನ್ನೇ ತೆಗೆದುಹಾಕಿದ್ದೆ.

ಬಸ್ಸಿನ ಟೈರ್ ನೋಡಿ. ರಬ್ಬರಿನ ಸಹಜ ಬಣ್ಣ ಬಿಳಿಚು, ಮೊದಲ ಟೈರುಗಳೂ ಹಾಗೇ ಇದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾರ್ಬನ್ ಕಪ್ಪು ಬೆರೆಸಿದಾಗ ಸವೆತ ತಡೆಯುವ ಶಕ್ತಿ ಎಷ್ಟೋ ಪಟ್ಟು ಹೆಚ್ಚಿತು. ಇವತ್ತು ಟೈರಿನ ತೂಕದ ಕಾಲು ಭಾಗದ ಹತ್ತಿರ ಈ ಮಸಿಯೇ. 1990ರ ದಶಕದಲ್ಲಿ ಮಿಶೆಲಿನ್‌ನವರು ಮಸಿಯ ಜಾಗಕ್ಕೆ ಸಿಲಿಕಾ ತಂದು, ಟೈರ್ ಉರುಳುವಾಗ ವ್ಯರ್ಥವಾಗುವ ಶಕ್ತಿಯನ್ನು ಕಡಿಮೆ ಮಾಡಿ ಇಂಧನ ಉಳಿಸಿದರು. ಅದೂ ನ್ಯಾನೋ ಗಾತ್ರದ ಕಣವೇ. 2002ರಲ್ಲಿ ವಿಲ್ಸನ್ ಕಂಪನಿಯ ಟೆನಿಸ್ ಚೆಂಡಿನ ಒಳಗೆ ವರ್ಮಿಕ್ಯುಲೈಟ್ ಪದರ ಬೆರೆಸಿದ ರಬ್ಬರ್ ಬಳಿದರು. ಡೇವಿಸ್ ಕಪ್ಪಿನಲ್ಲಿ ಆಡಿದ ಚೆಂಡು ಅದು. ಗಾಳಿ ಹೊರಗೆ ಹೋಗಬೇಕಾದರೆ ಪದರಗಳ ಸಂದಿಯಲ್ಲಿ ಸುತ್ತಿ ಬಳಸಿ ಹೋಗಬೇಕು, ಹಳೆ ಪೇಟೆಯ ಗಲ್ಲಿಯಲ್ಲಿ ಸಿಕ್ಕಿಕೊಂಡ ಹಾಗೆ. ಚೆಂಡು ಹೆಚ್ಚು ಕಾಲ ಪುಟಿಯುತ್ತದೆ. ಅದೇ ವರ್ಷ ಜನರಲ್ ಮೋಟಾರ್ಸ್ ಅಮೆರಿಕದಲ್ಲಿ ತನ್ನ ವ್ಯಾನುಗಳ ಮೆಟ್ಟಿಲನ್ನು ಜೇಡಿಮಣ್ಣಿನ ನ್ಯಾನೋಕಾಂಪೊಸಿಟ್‌ನಲ್ಲಿ ಮಾಡಿತು.

ಕಾರ್ಬನ್ ನ್ಯಾನೋಟ್ಯೂಬಿನ ಕಥೆ ಇನ್ನೂ ಪಾಠದ್ದು. ಉಕ್ಕಿನ ಬಿಗಿತ 200 ಗಿಗಾಪ್ಯಾಸ್ಕಲ್, ನ್ಯಾನೋಟ್ಯೂಬಿನದು ಸುಮಾರು 1000. ಪ್ಲಾಸ್ಟಿಕ್‌ಗೆ ನೂರಕ್ಕೆ ಒಂದು ಪಾಲು ಹಾಕಿದರೂ ಕಾಗದದ ಲೆಕ್ಕದಲ್ಲಿ ಹತ್ತು ಗಿಗಾಪ್ಯಾಸ್ಕಲ್ ಸೇರಬೇಕು, ಅಂದರೆ ಪಾಲಿಪ್ರೊಪಿಲೀನ್ ಆರೇಳು ಪಟ್ಟು ಬಿಗಿಯಾಗಬೇಕು. ಮಾಡಿದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಟ್ಯೂಬುಗಳು ಒಂದಕ್ಕೊಂದು ಸಿಕ್ಕಿಕೊಂಡು ಶಾವಿಗೆ ಮುದ್ದೆಯಾಗಿರುತ್ತವೆ, ಸಿಕ್ಕು ಬಿಡಿಸಿದರೂ ಎಲ್ಲ ದಿಕ್ಕಿಗೂ ಮುಖ ಮಾಡಿರುತ್ತವೆ, ಪ್ಲಾಸ್ಟಿಕ್ ಅವನ್ನು ಸರಿಯಾಗಿ ಹಿಡಿದುಕೊಳ್ಳುವುದೂ ಇಲ್ಲ. ಜರ್ಮನಿಯ ಬೇಯರ್ ಕಂಪನಿ ಭಾರೀ ನಿರೀಕ್ಷೆಯಿಂದ ಶುರು ಮಾಡಿದ ನ್ಯಾನೋಟ್ಯೂಬ್ ಕೆಲಸವನ್ನು 2013ರಲ್ಲಿ ಕೈಬಿಟ್ಟಿತು. ಹಾಗಾದರೆ ನ್ಯಾನೋಟ್ಯೂಬ್ ಸತ್ತಿತೇ? ಇಲ್ಲ. ಉದ್ದ ತೆಳ್ಳಗಿನ ಟ್ಯೂಬುಗಳು ಒಂದನ್ನೊಂದು ಮುಟ್ಟಿಕೊಂಡು ಹೋದರೆ ಕರೆಂಟು ಹರಿಯಲು ದಾರಿಯಾಗುತ್ತದೆ. ಅದಕ್ಕೆ ನೂರಕ್ಕೆ ಒಂದಕ್ಕಿಂತ ಕಡಿಮೆ ಸಾಕಾದೀತು. ಹಾಗಾಗಿ ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಬಾರದ ಕಡೆ ಅದಕ್ಕೆ ಕೆಲಸ ಸಿಕ್ಕಿತು, ಈಗ ಲಿಥಿಯಂ ಬ್ಯಾಟರಿಯ ಒಳಗೂ ದಂಡಿಯಾಗಿ ಹೋಗುತ್ತಿದೆ. ಗಟ್ಟಿತನ ತರುತ್ತೇನೆ ಅಂತ ಬಂದವನು ಕರೆಂಟು ಹರಿಸುವ ಕೆಲಸಕ್ಕೆ ಸೇರಿದ.

ಇವೆಲ್ಲದರಲ್ಲಿ ಒಂದು ಸಾಮ್ಯ ಕಾಣುತ್ತದೆಯೇ? ಗೆದ್ದ ಕಡೆಯಲ್ಲೆಲ್ಲ ಮೊದಲು ಕೇಳಿದ್ದು "ಇಲ್ಲಿ ಏನು ಬೇಕು?" ಎಂಬ ಪ್ರಶ್ನೆ. ಗಾಳಿ ತಡೆಯಬೇಕು, ಅದಕ್ಕೆ ಹಾಳೆಯಂಥ ಕಣ. ಕರೆಂಟು ಹರಿಯಬೇಕು, ಅದಕ್ಕೆ ನಳಿಕೆಯಂಥ ಕಣ. ಬಿಸಿಲು ತಡೆಯಬೇಕು, ಅದಕ್ಕೆ ಮಸಿ. ಸೋತ ಕಡೆಯಲ್ಲೆಲ್ಲ ಕೇಳಿದ್ದು "ನ್ಯಾನೋ ಎಲ್ಲಿ ಹಾಕೋಣ?" ಅಂತ. ನಾನು ಚಿಂತಾಮಣಿಯಲ್ಲಿ ಸೋತದ್ದು ಹೀಗೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಒಪ್ಪದವರು ಜಗಳ ಆಡಬಹುದು.

ಒಂದು, ನಮ್ಮ ಕಾಲೇಜುಗಳಲ್ಲಿ ಕೆಟ್ಟ ಫಲಿತಾಂಶಕ್ಕೂ ಮಾರ್ಕ್ಸ್ ಇರಬೇಕು. ಮೇಲೇರಿದ ಗ್ರಾಫಿಗೆ ಮಾತ್ರ ಶಹಬ್ಬಾಸ್ ಎಂದರೆ ಹುಡುಗರು ಏರಿಸಿಯೇ ತೋರಿಸುತ್ತಾರೆ. ಬಳಸುವವನಿಗೆ ಬೇಕಾದದ್ದು ನಿಮ್ಮ ಅತ್ಯುತ್ತಮ ತುಂಡಿನ ಅಂಕಿಯಲ್ಲ, ಅತಿ ದುರ್ಬಲ ತುಂಡಿನದು. ರೈತನ ಕೈಗೆ ಸರಾಸರಿ ಜಾಯಿನರ್ ಹೋಗುವುದಿಲ್ಲ, ಒಂದೊಂದೇ ಜಾಯಿನರ್ ಹೋಗುತ್ತದೆ.

ಎರಡು, ಬಿಗಿತ ಹೆಚ್ಚಾಯಿತು ಎಂದು ಬರೆದವರು ಅದೇ ಪುಟದಲ್ಲಿ ಏನು ಕಡಿಮೆಯಾಯಿತು ಎಂದೂ ಬರೆಯಬೇಕು. ಹಿಗ್ಗುವ ಗುಣ ಎಷ್ಟು ಹೋಯಿತು? ಪೆಟ್ಟು ತಡೆಯುತ್ತದೆಯೇ? ಒಂದು ಬೇಸಿಗೆ, ಒಂದು ಮಳೆಗಾಲ ಹೊರಗಿಟ್ಟರೆ ಏನಾಗುತ್ತದೆ? ಇದಕ್ಕೆ ದೊಡ್ಡ ಯಂತ್ರವೂ ಬೇಡ. ಬಿಸಿಲಿಗೆ ನಮ್ಮಲ್ಲಿ ಬರವೇ? ಹಾಸ್ಟೆಲ್ಲಿನ ತಾರಸಿ ಸಾಕು.

ಮೂರು, ಬೆರೆಸುವ ಹುಡುಗರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪ್ಲಾಸ್ಟಿಕ್ ಒಳಗೆ ಸೇರಿದ ಮೇಲೆ ಕಣ ಸುಲಭಕ್ಕೆ ಹೊರಬರುವುದಿಲ್ಲ. ಅಪಾಯ ಇರುವುದು ಚೀಲ ಹರಿದು ಪುಡಿ ಸುರಿಯುವ ಹೊತ್ತಿನಲ್ಲಿ. ಕೆಲವು ಉದ್ದದ ನ್ಯಾನೋಟ್ಯೂಬುಗಳು ಇಲಿಗಳಲ್ಲಿ ಆಸ್ಬೆಸ್ಟಾಸ್ ತರಹದ ಉರಿಯೂತ ಮಾಡುತ್ತವೆಂದು 2008ರಲ್ಲೇ ವರದಿಯಾಯಿತು. 2013ರಲ್ಲಿ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೋಗ್ರಾಂ ಮೀರಬಾರದು ಎಂದು ಶಿಫಾರಸು ಮಾಡಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಒಂದು ಬಗೆಯ ನ್ಯಾನೋಟ್ಯೂಬನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವುಗಳ ಪಟ್ಟಿಗೆ ಸೇರಿಸಿತು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹಾಪರಿಗೆ ಪುಡಿ ಸುರಿಯುವ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕರ್ಚೀಫಿನ ನೂಲಿನ ಸಂದಿ ಈ ಕಣಗಳಿಗೆ ಹೆಬ್ಬಾಗಿಲು. ಪುಡಿಯ ಬದಲು ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ಕಾಳನ್ನೇ ತರಿಸಿಕೊಳ್ಳುವುದು ಇದಕ್ಕೆ ಅರ್ಧ ಪರಿಹಾರ, ಬೆಲೆ ಮಾತ್ರ ಜಾಸ್ತಿ. ಸರಿಯಾದ ಮಾಸ್ಕ್ ಇನ್ನರ್ಧ. ಅದಕ್ಕೆ ಬೆಲೆಯೂ ಜಾಸ್ತಿಯಿಲ್ಲ.

"ಇಷ್ಟು ಹೇಳಿದ ಮೇಲೆ ನೀನು ನ್ಯಾನೋ ವಿರೋಧಿ" ಅಂತ ನನ್ನ ಸ್ನೇಹಿತನೊಬ್ಬ ಹೇಳುತ್ತಾನೆ. ಅಲ್ಲ ಮಾರಾಯ. ನನಗೆ ಇದರ ಮೇಲೆ ಇನ್ನೂ ಆಸೆ ಇದೆ. ಚಿಪ್ಸ್ ಪೊಟ್ಟಣ ನೋಡಿ. ಗಾಳಿ, ತೇವ ತಡೆಯಲೆಂದು ಬೇರೆ ಬೇರೆ ಪದರ ಅಂಟಿಸಿರುತ್ತಾರೆ, ಮೇಲೆ ಅಲ್ಯೂಮಿನಿಯಂ ಲೇಪ ಬೇರೆ. ಅದನ್ನು ಬಿಡಿಸಿ ಮರುಬಳಕೆ ಮಾಡುವುದು ದೊಡ್ಡ ತಲೆನೋವು, ಗುಜರಿಯವನೂ ಮುಟ್ಟುವುದಿಲ್ಲ. ಟೆನಿಸ್ ಚೆಂಡಿನ ಉಪಾಯವನ್ನೇ ಬಳಸಿ ಒಂದೇ ಜಾತಿಯ ಪ್ಲಾಸ್ಟಿಕ್‌ನಲ್ಲಿ, ನೂರಕ್ಕೆ ಕೆಲವೇ ಪಾಲು ಮಣ್ಣಿನ ಪದರದಿಂದ ಆ ಕೆಲಸ ಆದರೆ ಎಷ್ಟು ಒಳ್ಳೆಯದು! ಕೆಲಸ ನಡೆಯುತ್ತಿದೆ. ಆದರೆ ಅದು ನಿಜವಾಗಿ ನಮ್ಮ ಕೈಗೆ ಬರಬೇಕಾದರೆ, ಎಲ್ಲಿ ಗಂಟಾಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ಯಾರಾದರೂ ಬರೆದಿಡಲೇಬೇಕು. ನಾನು 2009ರಲ್ಲಿ ಆ ಎರಡು ತುಂಡುಗಳ ಬಗ್ಗೆ ಬರೆದಿದ್ದರೆ, ಅವು ಯಾಕೆ ಮುರಿದವು ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದರೆ, ಆ ಮಿಶ್ರಣವನ್ನು ಅಷ್ಟು ಧೈರ್ಯವಾಗಿ ಜಾಯಿನರಿಗೆ ಹಾಕುತ್ತಿರಲಿಲ್ಲ. ಕಡೇ ಪಕ್ಷ ಬಿಸಿಲಿಗಿಟ್ಟು ನೋಡೋಣ ಅನ್ನುವ ಭಯವಾದರೂ ಇರುತ್ತಿತ್ತು.

ಈಗೀಗ ಒಂದೆರಡು ಕಾಲೇಜುಗಳಿಂದ ಪ್ರಾಜೆಕ್ಟ್ ವೈವಾಕ್ಕೆ ಕರೆಯುತ್ತಾರೆ. ಎದುರಿಗೆ ಕೂತು ನಾನು ಕೇಳುವುದು ಒಂದೇ ಪ್ರಶ್ನೆ: "ಮುರಿದ ಸ್ಯಾಂಪಲ್ ಎಲ್ಲಿ?" ಹೆಚ್ಚಿನವರು ಗೈಡ್ ಮುಖ ನೋಡುತ್ತಾರೆ. ಹೋದ ಸಲ ಒಬ್ಬಳು ಹುಡುಗಿ ಮಾತಾಡದೆ ಬ್ಯಾಗಿಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಟೇಬಲ್ಲಿನ ಮೇಲೆ ಸುರಿದಳು. ಹದಿನಾಲ್ಕು ತುಂಡು, ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ನಂಬರ್. "ಇದು ಗಂಟಿನ ಹತ್ತಿರ ಮುರೀತು ಸಾರ್. ಇದು ಯಾಕೆ ಮುರೀತು ಅಂತ ನಂಗೆ ಗೊತ್ತಾಗ್ಲಿಲ್ಲ" ಅಂದಳು. ಅವಳ ಗ್ರಾಫ್ ಏರುತ್ತಿರಲಿಲ್ಲ, ಮೂರು ಪಾಲಿನ ಮೇಲೆ ಇಳಿಯುತ್ತಿತ್ತು. ಗೈಡ್ ಮುಖ ಸಣ್ಣದು ಮಾಡಿಕೊಂಡಿದ್ದರು.

ನನ್ನ ಕೈಯಲ್ಲಿದ್ದಷ್ಟು ಮಾರ್ಕ್ಸನ್ನೂ ಅವಳಿಗೆ ಕೊಟ್ಟೆ. ತಪ್ಪಾ? ನೀವೇ ಹೇಳಿ.

ಅಂದ ಹಾಗೆ, ಟ್ಯಾಂಕ್ ಕೊಂಡೆ. ಕಪ್ಪು ಬಣ್ಣದ್ದು, ಮಾಮೂಲಿದು.